ಖರೀದಿದಾರರ ಹೆಸರು ಎಂಬ ಸಾಲು

ದಾವಣಗೆರೆ
ಫೆಬ್ರವರಿ 30, 2124

ಪೂಜ್ಯ ಡಾ. ಸರ್ವಮಂಗಳಾ ಅಜ್ಜಿಯವರಿಗೆ,

ಮೇಲಿನ ತಾರೀಖು ನೋಡಿ ಯಾರೋ ಹುಡುಗಾಟ ಮಾಡಿದ್ದಾರೆ ಎಂದುಕೊಂಡು ಕಾಗದ ಮಡಚಿಡಬೇಡಿ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳನ್ನು ಏಪ್ರಿಲ್ ಮುಗಿದ ಮೇಲೆ ಒಟ್ಟಿಗೆ ಇಟ್ಟಿದ್ದಾರೆ. ಅವಕ್ಕೆ ತಾರೀಖು ಇಲ್ಲ, ವಾರವೂ ಇಲ್ಲ. ಕದದಿನ ಅನ್ನುತ್ತೇವೆ. ಆ ಐದು ದಿನ ಹೊರಗಿನ ಬಿಸಿಲು ಎಂಥದೆಂದರೆ ಯಾರೂ ಮನೆಯ ಕದ ತೆಗೆಯುವ ಹಾಗಿಲ್ಲ.

ನನ್ನ ಭಾಷೆಗೂ ಕ್ಷಮೆ ಇರಲಿ. ಆರನೇ ವಯಸ್ಸಿಗೆ ಹಾಸ್ಟೆಲ್ ಸೇರಿದವಳು ನಾನು. ಅಲ್ಲಿ ಪ್ರಾರ್ಥನೆಯೂ ಬೈಗುಳವೂ ಇಂಗ್ಲಿಷಿನಲ್ಲೇ. ಕನ್ನಡ ಸಿಕ್ಕಿದ್ದು ಅಡುಗೆಮನೆಯ ಕಿಟಕಿಗೆ ತಟ್ಟೆ ಚಾಚುವಾಗ. ಹಾಗಾಗಿ ನನ್ನ ವಾಕ್ಯಗಳು ಅರ್ಧ ಪಠ್ಯಪುಸ್ತಕದವು, ಅರ್ಧ ಸಾರಿನ ಸೌಟಿನವು. ಹೆಸರು ನೀಲಾಂಬಿಕಾ. ಹಾಸ್ಟೆಲ್ಲಿನಲ್ಲಿ ನೀಲ್. ಕಾಲೇಜಿನಲ್ಲಿ ಮೊದಲ ವರ್ಷ. ನಿಮ್ಮ ಮಗ ಉಮಾಪತಿಯವರ ಮೊಮ್ಮಗನ ಮಗಳು. ಇದನ್ನು ಮೂರು ಸಲ ಎಣಿಸಿ ನೋಡಿಯೇ ಬರೆದಿದ್ದೇನೆ. ನಾನು ಎಲ್ಲವನ್ನೂ ಮೂರು ಸಲ ನೋಡುತ್ತೇನೆ, ಆದರೂ ಹೆದರಿಕೆ ಹೋಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನಾಳೆ ನಿಮ್ಮ ಕಾರು ಮಾರಾಟವಾಗುತ್ತದೆ. 2009ರಲ್ಲಿ ನೀವು ಕೊಂಡ ಆ ನೇರಳೆ ಹಣ್ಣಿನ ಬಣ್ಣದ, ಎರಡೇ ಬಾಗಿಲಿನ ಕೂಪೆ. ಅದನ್ನು ನೀವು ಮೊದಲ ಸಲ ಕಣ್ಣಾಸ್ಪತ್ರೆಯ ಮುಂದೆ ನಿಲ್ಲಿಸಿದಾಗ ಎದುರಿನ ಔಷಧಿ ಅಂಗಡಿಯವನು "ಇನ್ನೆರಡು ಬಾಗ್ಲು ಕಂತಿನ ಮ್ಯಾಲೆ ಬರ್ತಾವೇನ್ರೀ ಡಾಕ್ಟ್ರೇ?" ಅಂದಿದ್ದನಂತೆ. ಆ ಮಾತು ನಮ್ಮವರೆಗೂ ಬಂದಿದೆ. ಕಾರೂ ಬಂದಿದೆ, ಒಂದು ಗೀರೂ ಇಲ್ಲದೆ. ಮಾರಾಟದ ಪತ್ರಕ್ಕೆ ನಾನೇ ಬರೆದೆ: ಕೂಪೆ, ಐಷಾರಾಮಿ ದರ್ಜೆ, ಮೂಲ ಬಣ್ಣ, ಮೂಲ ಚರ್ಮದ ಸೀಟು, ಓಡಿದ್ದು ನಲವತ್ತೊಂದು ಸಾವಿರದ ಇನ್ನೂರ ಆರು ಕಿಲೋಮೀಟರ್, ಇದುವರೆಗಿನ ಒಡೆಯರು ಮೂವರು ಮಾತ್ರ. ಈ ಕೊನೆಯ ಮಾತಿಗಾಗಿಯೇ ನಿಮಗೆ ಈ ಓಲೆ.

ಕೊಳ್ಳುವವರು ಉಳಿಕೆಮನೆಯವರು. ಹಳೆಯ ಹತ್ತಿ ಗಿರಣಿಯ ಕೆಳಗೆ ನೆಲ ತೋಡಿ ಕಟ್ಟಿದ ದೊಡ್ಡ ಮನೆ ಅದು. ನಿಮ್ಮ ಕಾಲದ್ದು ಏನೇನು ಕೆಡದೆ ಉಳಿದಿದೆಯೋ ಅದನ್ನೆಲ್ಲ ಅಲ್ಲಿ ಇಪ್ಪತ್ತಮೂರು ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ಹೊಲಿಗೆ ಮೆಷಿನ್ನು, ಪಿಯಾನೊ, ಕಾರು. ಒಡೆಯರು ಮೂವರಿಗಿಂತ ಹೆಚ್ಚಾದರೆ ಆ ವಸ್ತುವನ್ನು ಮುಟ್ಟುವುದಿಲ್ಲ. ಹಣ ಕೊಡುವುದಿಲ್ಲ, ತಂಪುಪಾಲು ಕೊಡುತ್ತಾರೆ. ಅಂದರೆ ವಸ್ತು ಒಪ್ಪಿಸಿದ ಒಡೆಯರಿಗೆ ಅದೇ ಕಟ್ಟಡದ ಹಿಂಬದಿಯಲ್ಲಿ, ಬದುಕಿರುವವರೆಗೆ, ಪ್ರತಿ ಕದದಿನಕ್ಕೆ ಒಂದು ಮಂಚದ ಜಾಗ. ಒಂದು ವಸ್ತುವಿಗೆ ಒಂದೇ ಮಂಚ. ಕಾರಿಗೆ ವರ್ಷವಿಡೀ ತಂಪು, ಮನುಷ್ಯರಿಗೆ ಐದು ದಿನ. ಇದು ನಿಮಗೆ ವಿಚಿತ್ರ ಅನ್ನಿಸಬಹುದು. ನನಗೂ ಬರೆಯುವಾಗಲೇ ಹಾಗೆ ಅನ್ನಿಸಿದ್ದು, ಮೊದಲು ಅನ್ನಿಸಿರಲಿಲ್ಲ.

ನಮ್ಮ ದಿನಗಳನ್ನು ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಒಂದು ಮಂಚಕ್ಕೆ ಇಷ್ಟೊಂದು ಮಾತೇಕೆ ಎಂದು ನಿಮಗೆ ತಿಳಿಯುವುದಿಲ್ಲ. ಬೆಳಗಿನ ಒಂಬತ್ತಕ್ಕೆ ಪೇಟೆ ಮುಚ್ಚುತ್ತದೆ. ಆಮೇಲೆ ಹೊರಗೆ ಹೋಗಬೇಕಾದರೆ ನೆರಳುಸಾಲಿನಲ್ಲೇ ನಡೆಯಬೇಕು. ಬೀದಿಯ ಒಂದು ಪಕ್ಕದುದ್ದಕ್ಕೂ ಹಾಕಿದ ಚಪ್ಪರ ಅದು, ಎದುರಿನಿಂದ ಯಾರಾದರೂ ಬಂದರೆ ಇಬ್ಬರೂ ಅಡ್ಡಡ್ಡ ತಿರುಗಿ ದಾಟಬೇಕು. ಕಾರುಗಳಿಲ್ಲ, ಓಡಿಸುವುದಕ್ಕೆ ಎಣ್ಣೆಯೂ ಇಲ್ಲ. ಬೀದಿ ಎಷ್ಟು ಮೌನವಾಗಿರುತ್ತದೆಂದರೆ ನಾಲ್ಕು ಮನೆ ಆಚೆ ಯಾರೋ ರೊಟ್ಟಿ ತಟ್ಟುವುದು ಕೇಳುತ್ತದೆ. ಅಮ್ಮ ಹೋದದ್ದು ಮೂರು ವರ್ಷದ ಹಿಂದೆ, ಕದದಿನದ ನಾಲ್ಕನೆಯ ದಿನ. ಆ ದಿನಕ್ಕೆ ತಾರೀಖು ಇಲ್ಲವಲ್ಲ, ಮರಣಪತ್ರದಲ್ಲಿ ಆ ಜಾಗದಲ್ಲಿ ಒಂದು ಗೀಟು ಎಳೆದು ಕೊಟ್ಟರು. ಕದದಿನಗಳಲ್ಲಿ ನನಗೆ ಹಾಸ್ಟೆಲ್ಲಿನ ನೆಲಮಾಳಿಗೆ ಇದೆ. ಅಪ್ಪನಿಗೆ ಏನೂ ಇಲ್ಲ. ಅವರ ಶ್ವಾಸಕೋಶ ಅರ್ಧ ಕೆಲಸ ಮಾಡುತ್ತದೆ. ಇನ್ನೊಂದು ಕದದಿನವನ್ನು ಈ ಮನೆಯಲ್ಲಿ ದಾಟಲಾರರು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದರೆ ಅಪ್ಪನಿಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದರೋ ಏನೋ. ಅದಕ್ಕೆ ಇನ್ನು ಎರಡು ತಿಂಗಳಿದೆ.

ಉಳಿಕೆಮನೆಯ ಒಂದು ಪದ್ಧತಿ ಏನೆಂದರೆ, ವಸ್ತುವನ್ನು ಒಪ್ಪಿಸುವ ಮನೆಯವರು ಅದರ ಮೊದಲ ಒಡೆಯರಿಗೆ ಒಂದು ಓಲೆ ಬರೆದು ವಸ್ತುವಿನ ಒಳಗೇ ಇಡಬೇಕು. ಅದನ್ನು ಯಾರೂ ಒಡೆದು ಓದುವುದಿಲ್ಲ. ಎಲ್ಲರೂ ನಾಲ್ಕು ಸಾಲು ಬರೆದು ಮುಗಿಸುತ್ತಾರೆ, ಚೆನ್ನಾಗಿ ಇಟ್ಟುಕೊಂಡಿದ್ದೆವು, ನಮಸ್ಕಾರ, ಅಂತ. ನಾನೂ ಹಾಗೇ ಶುರುಮಾಡಿದೆ. "ನಾವು ಇದನ್ನು ಚೆನ್ನಾಗಿ ಇಟ್ಟುಕೊಂಡಿದ್ದೆವು" ಎಂದು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಏಕೆಂದರೆ ಇಟ್ಟುಕೊಂಡದ್ದು ನಾವಲ್ಲ.

ನೀವು ಇನ್ನೂ ನಿಮ್ಮ ಕಾಲದಲ್ಲೇ ಇದ್ದೀರಿ ಎಂದುಕೊಂಡು ಹೇಳುತ್ತೇನೆ. ಕೊಟ್ರಮ್ಮ ನಿಮಗೆ ಗೊತ್ತು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ತನ್ನ ಅಪ್ಪನ ಟಿಂಕರಿಂಗ್ ಅಂಗಡಿ ನಡೆಸುವ ಹುಡುಗಿ. ನೆಗ್ಗಿದ ತಗಡನ್ನು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಮೊದಲಿನ ಹಾಗೆ ಮಾಡುವವಳು. ನಿಮ್ಮ ಕಾರನ್ನು ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ ಅವಳು. 2031ರಲ್ಲಿ, ಕಣ್ಣಿನ ಡಾಕ್ಟರಾದ ನಿಮಗೇ ಪಕ್ಕದ ನೋಟ ಕಾಣದಂತಾಗುತ್ತದೆ. ಹೇಳಲು ನನಗೆ ಸಂಕಟವಾಗುತ್ತದೆ. ಆಗ ನೀವು ಕೀಲಿಕೈಯನ್ನು ಅವಳ ಕೈಗೆ ಕೊಟ್ಟು, "ನೀನೇ ಇಟ್ಕೊ ಕೊಟ್ರಮ್ಮ, ನನ್ನ ಮಗನ ಕೈಗೆ ಹೋದರೆ ಗುಜರಿಗೆ ಹಾಕ್ತಾನೆ" ಅನ್ನುತ್ತೀರಿ. ಮಾಲೀಕತ್ವ ಬದಲಾಯಿಸುವ ಫಾರಂಗೆ ಸಹಿ ಹಾಕುತ್ತೀರಿ. ಖರೀದಿದಾರರ ಹೆಸರು ಎಂಬ ಸಾಲನ್ನು ಮಾತ್ರ ಖಾಲಿ ಬಿಟ್ಟು, ನೀನೇ ಬರೆದುಕೋ ಅನ್ನುತ್ತೀರಿ.

ಅವಳು ಬರೆದುಕೊಳ್ಳಲಿಲ್ಲ, ಅಜ್ಜಿ. ಮೂವತ್ತೊಂಬತ್ತು ವರ್ಷ ಬರೆದುಕೊಳ್ಳಲಿಲ್ಲ. ನಿಮ್ಮ ಕಾಲದಲ್ಲಿ ಹಳೆ ಗಾಡಿಗಳ ವ್ಯವಹಾರದಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರಂತೆ. ಕೈ ಬದಲಾದರೂ ಹೆಸರು ಬದಲಾಯಿಸುವುದಿಲ್ಲ, ಹೆಸರು ಹೆಚ್ಚಾದಷ್ಟೂ ಗಾಡಿಗೆ ಮರ್ಯಾದೆ ಕಡಿಮೆ. ಕೊಟ್ರಮ್ಮನಿಗೆ ಮಾರುವ ಯೋಚನೆಯೇ ಇರಲಿಲ್ಲ. ಆದರೂ ಕೇಳಿದವರಿಗೆಲ್ಲ "ಸಿಂಗಲ್ ಓನರ್ ಗಾಡಿ, ನಮ್ಮ ಡಾಕ್ಟ್ರಮ್ಮಂದು" ಎಂದು ಹೇಳುವಾಗ ಅವಳ ಮುಖ ಅರಳುತ್ತಿತ್ತಂತೆ. ತನ್ನ ಹೆಸರು ಸೇರಿದರೆ ಅದೊಂದು ಕಲೆ ಆದೀತು ಅಂದುಕೊಂಡಿದ್ದಳು. ಸೀಟಿಗೆ ಹರಳೆಣ್ಣೆ ಸವರಿದಳು, ಇಲಿ ಬಾರದ ಹಾಗೆ ಬೇವಿನ ಸೊಪ್ಪು ಇಟ್ಟಳು, ಪ್ಲಾಸ್ಟಿಕ್ ಹೊದಿಸಿದರೆ ಬೆವರುತ್ತದೆ ಎಂದು ಹತ್ತಿ ಬಟ್ಟೆಯ ಹೊದಿಕೆ ಹೊಲಿದಳು. ಪ್ರತಿ ಅಮಾವಾಸ್ಯೆ ನಿಂಬೆಹಣ್ಣು ಇಟ್ಟು, ಟೈರು ಒಂದೇ ಕಡೆ ಚಪ್ಪಟೆಯಾಗದಿರಲಿ ಎಂದು ಗಾಲಿಗಳನ್ನು ಕಾಲು ಸುತ್ತು ತಿರುಗಿಸಿದಳು. 2070ರಲ್ಲಿ, ಅವಳು ಕೈಲಾಗದೆ ಹಾಸಿಗೆ ಹಿಡಿದಾಗ, ನಿಮ್ಮ ಮಗ ಬಂದು "ಅಮ್ಮನ ಕಾರು" ಎಂದು ತಳ್ಳಿಸಿಕೊಂಡು ಹೋದರು. ಫಾರಂ ಕಾರಿನೊಳಗೇ ಇತ್ತು. ಖಾಲಿ ಸಾಲಿನಲ್ಲಿ ತಮ್ಮ ಹೆಸರು ಬರೆದರು. ಅವರ ನಂತರ ಅಪ್ಪ. ಹೀಗೆ ಮೂವರು ಮಾತ್ರ.

ಇದು ನನಗೆ ಗೊತ್ತಾಗಿದ್ದು ಈ ಸೋಮವಾರ. ಮಾರಾಟಕ್ಕಾಗಿ ಡ್ಯಾಶ್‌ಬೋರ್ಡಿನ ಖಾನೆ ಸ್ವಚ್ಛ ಮಾಡುವಾಗ ಆ ಫಾರಂ ಸಿಕ್ಕಿತು. ನಿಮ್ಮ ಸಹಿ ನೀಲಿ ಶಾಯಿಯದು, ಕಂದಿಹೋಗಿದೆ. ಹೆಸರು ಕಪ್ಪು ಶಾಯಿಯದು, ನಿನ್ನೆ ಬರೆದಂತಿದೆ. ಹಂಪಕ್ಕನನ್ನು ಕೇಳಿದೆ. ಹಂಪಕ್ಕ ಅಂದರೆ ಕೊಟ್ರಮ್ಮನ ಮೊಮ್ಮಗಳು. ಅವಳಿಗೀಗ ಅರವತ್ತಾರು. ಗಾಲಿ ತಿರುಗಿಸಲು ಈಗಲೂ ಪ್ರತಿ ಅಮಾವಾಸ್ಯೆ ನಮ್ಮ ಶೆಡ್ಡಿಗೆ ಬರುತ್ತಾಳೆ. ನಾವು ಊಟ ಹಾಕಿ ಕಳಿಸುತ್ತೇವೆ. ಅದನ್ನು ನಮ್ಮ ಮನೆಯಲ್ಲಿ ಒಳ್ಳೆಯತನ ಅನ್ನುತ್ತಿದ್ದೆವು.

ಅವಳು ಹೇಳಿದ್ದನ್ನೆಲ್ಲ ಕೇಳಿ, ನಾನು ಮಾರಾಟದ ಪತ್ರದಲ್ಲಿ ನಿಮ್ಮಜ್ಜಿ ಹೆಸರು ಬರೆಯಲಾ ಅಂದೆ. ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತವಳು ತಲೆ ಎತ್ತಲಿಲ್ಲ.

"ಹುಚ್ಚಿ ಅದೀಯೇನು ನೀಲವ್ವ? ನಾಕ್ ಹೆಸ್ರಾದ್ರೆ ಅವ್ರು ಹೊಳ್ಳಿ ನೋಡಲ್ಲ. ನಮ್ಮಜ್ಜಿ ಗಾಡಿ ಚಂದ ಇರ್ಲಿ ಅಂತ್ಲೇ ಬಿಟ್ಟಿದ್ದು. ನೀ ಬರದು ಕೆಡಸ್ತೀಯೇನು?"

ನಿನಗೆ ಕದದಿನಕ್ಕೆ ಎಲ್ಲಿ ಜಾಗ, ಎಂದು ಕೇಳಿದೆ. ನಾನು ಹತ್ತೊಂಬತ್ತು ವರ್ಷದಲ್ಲಿ ಅದನ್ನು ಒಮ್ಮೆಯೂ ಕೇಳಿರಲಿಲ್ಲ.

"ನಂದೇನು, ಗೋಣಿಚೀಲ ನೆನಸಿ ಹೊದ್ಕಂಡು ಮಕ್ಕಂಬಿಡ್ತೀನಿ. ನಿಮ್ಮಪ್ಪಂಗೆ ಉಸ್ರೇ ಇಲ್ಲ, ನಂದು ಬರೇ ಕೆಮ್ಮು" ಎಂದು ನಕ್ಕಳು. ಆ ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. ನೀರು ತರಲು ಎದ್ದರೆ, ಕೈಯಿಂದಲೇ ಬೇಡ ಅಂದು, ಗಾಲಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

ಅಜ್ಜಿ, ನಾನು ಲೆಕ್ಕದಲ್ಲಿ ಚುರುಕಲ್ಲ. ಆದರೆ ಇದನ್ನು ಎಷ್ಟು ಸಲ ನೋಡಿದರೂ ಒಂದೇ ಉತ್ತರ ಬರುತ್ತದೆ. ಆ ಸಾಲಿನಲ್ಲಿ ಕೊಟ್ರಮ್ಮನ ಹೆಸರಿದ್ದಿದ್ದರೆ ಕಾರು ನಿಮ್ಮಿಂದ ಅವಳಿಗೆ, ಅವಳಿಂದ, ಉಮಾಪತಿಯವರಿಂದ ಅಪ್ಪನಿಗೆ ಬಂದ ಹಾಗೆ, ನೇರ ಮೊಮ್ಮಗಳು ಹಂಪಕ್ಕನಿಗೆ ಬರುತ್ತಿತ್ತು. ಆಗಲೂ ಒಡೆಯರು ಮೂವರೇ. ಉಳಿಕೆಮನೆಯವರು ಆಗಲೂ ಕೊಳ್ಳುತ್ತಿದ್ದರು. ಮಂಚ ಹಂಪಕ್ಕನದಾಗುತ್ತಿತ್ತು. ಅಪ್ಪನಿಗೆ ಇರುತ್ತಿರಲಿಲ್ಲ.

ಈ ಬೆಳಿಗ್ಗೆ ಪತ್ರ ತುಂಬಿದೆ. ಮೂರು ಹೆಸರು ಬರೆದೆ: ನಿಮ್ಮದು, ಉಮಾಪತಿಯವರದು, ಅಪ್ಪನದು. ಮಂಚದ ಮೇಲಿದ್ದ ಅಪ್ಪ "ಎಷ್ಟು ಅಂತ ಬರದೆ ಮಗಾ?" ಎಂದು ಕೇಳಿದರು. ಮೂರು ಅಂದೆ. "ಮೂರೇ ಮತ್ತೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅವರಿಗೂ ಗೊತ್ತಿದೆ. ಗೊತ್ತಿರುವವರ ಬೆನ್ನು ಹೇಗಿರುತ್ತದೆ ಎಂದು ನಾನು ಇವತ್ತು ನೋಡಿದೆ. ಸಹಿ ಹಾಕಿದ ಮೇಲೆ ಅದನ್ನು ಒಂದು ಸಲವೂ ತಿರುಗಿ ನೋಡಲಿಲ್ಲ. ಪರೀಕ್ಷೆಯಲ್ಲಿ ಬರೆದ ನನ್ನ ಹೆಸರನ್ನೂ ಮೂರು ಸಲ ನೋಡುವವಳು ನಾನು. ಅದೇ ನನಗೆ ಹೆದರಿಕೆ ತಂದಿದೆ.

ಹಾಗಾಗಿ, ನನ್ನ ಕೈಲಿ ಆಗದ್ದನ್ನು ನಿಮ್ಮನ್ನು ಕೇಳುತ್ತಿದ್ದೇನೆ. ಓಲೆಗಳು ಹಿಂದಕ್ಕೆ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಇದು ಬರೀ ಪದ್ಧತಿ. ಆದರೂ ಹೇಗೋ ಇದು ನಿಮಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ನಿಮಗದು 2026 ಆಗಿರಲಿ. ಸಹಿ ಹಾಕುವುದಕ್ಕೆ ಇನ್ನೂ ಐದು ವರ್ಷ ಇರುತ್ತದೆ. ಆ ದಿನ ಕೊಟ್ರಮ್ಮನ ಕೈಗೆ ಪೆನ್ನು ಕೊಡಬೇಡಿ. ಅವಳು ನಗುತ್ತಾಳೆ, "ಖಾಲಿನೇ ಇರ್ಲಿ ಬಿಡ್ರಮ್ಮ" ಅನ್ನುತ್ತಾಳೆ, ಕೇಳಬೇಡಿ. ನೀವೇ ಬರೆಯಿರಿ. ದುಂಡಗೆ, ಓದುವ ಹಾಗೆ ಬರೆಯಿರಿ, ಡಾಕ್ಟರ ಅಕ್ಷರದಲ್ಲಿ ಬೇಡ. ಕಚೇರಿಗೆ ಹೋಗಿ ಮುದ್ರೆ ಒತ್ತಿಸಿಕೊಂಡೇ ಮನೆಗೆ ಬನ್ನಿ. ಅಪ್ಪನ ವಿಷಯ ನಿಮಗೆ ಹೇಳದೆ ಇದನ್ನು ಕೇಳಬಹುದಿತ್ತು, ಆಗ ನಿಮಗೆ ಸುಲಭವಾಗುತ್ತಿತ್ತು. ಖಾಲಿ ಬಿಟ್ಟ ಕಾಗದ ಎಲ್ಲಿಯವರೆಗೆ ಹೋಗುತ್ತದೆಂದು ನೋಡಿದ ಮೇಲೆ, ನಾನೂ ಒಂದು ಸಾಲು ಖಾಲಿ ಬಿಡಲಾರೆ.

ಈಗ ಈ ಓಲೆಯನ್ನು ಮಡಚಿ ಖಾನೆಯಲ್ಲಿ, ಆ ಫಾರಂ ಮೇಲೆಯೇ ಇಡುತ್ತೇನೆ. ನಾಳೆ ಎಂಟಕ್ಕೆ ಪರೀಕ್ಷಕರು ಬರುತ್ತಾರೆ. ಅದಕ್ಕೆ ಮುಂಚೆ ಒಂದೇ ಒಂದು ಸಲ ಫಾರಂ ತೆಗೆದು ನೋಡುತ್ತೇನೆ, ಮೂರು ಸಲ ಅಲ್ಲ. ಹೆಸರಿನ ಸಾಲಿನಲ್ಲಿ ಕಪ್ಪು ಶಾಯಿಯೇ ಇದ್ದರೆ ಬಾಗಿಲು ಮುಚ್ಚಿ, ಅಪ್ಪನ ಬಟ್ಟೆ ಗಂಟು ಕಟ್ಟುತ್ತೇನೆ, ಹಂಪಕ್ಕನಿಗೆ ಒಂದು ಗೋಣಿಚೀಲ ಹೆಚ್ಚಿಗೆ ಕೊಡುತ್ತೇನೆ. ನಿಮ್ಮ ನೀಲಿ ಶಾಯಿ ಇದ್ದರೆ ಅವಳ ಓಣಿಗೆ ಓಡುತ್ತೇನೆ. ಹಿಂದಿರುಗಿ ಬಂದು ಅಪ್ಪನಿಗೆ ಏನು ಹೇಳಬೇಕು ಎಂಬುದು ಮಾತ್ರ ನನಗೆ ಕನ್ನಡದಲ್ಲೂ ಗೊತ್ತಿಲ್ಲ, ಇಂಗ್ಲಿಷಿನಲ್ಲೂ ಗೊತ್ತಿಲ್ಲ.

ಆದರೂ ಬರೆಯಿರಿ, ಅಜ್ಜಿ.

ನಿಮ್ಮ
ನೀಲಾಂಬಿಕಾ