ಸೊರಬಕ್ಕೆ ಹೋದ ಬೆಲ್ಟು

ಶಿಕಾರಿಪುರ
೭-೧೨-೧೯೫೮, ಭಾನುವಾರ

ಪ್ರೀತಿಯ ತಮ್ಮ ಶಾಂತವೀರನಿಗೆ ಅಣ್ಣ ಪರಮಶಿವಪ್ಪನ ಆಶೀರ್ವಾದ.

ಹೇಗಿದ್ದೀಯ? ಸೊರಬದ ಚಳಿಗೆ ನಿನ್ನ ಕೆಮ್ಮು ಮತ್ತೆ ಎದ್ದಿರಬೇಕು. ನೀಲಾಂಬಿಕ ಕಷಾಯ ಮಾಡಿಕೊಟ್ಟರೆ ಮುಖ ಸಿಂಡರಿಸದೆ ಕುಡಿ, ಹೆಂಡತಿಯ ಮುಂದೆ ಮಗುವಿನ ಹಾಗೆ ಆಡಬೇಡ. ನಿನ್ನ ಮಾವ ಬೆನಕಪ್ಪನವರ ಮಂಡಿನೋವು ವಾಸಿಯಾಯಿತೇ? ಇಲ್ಲಿ ನಿನ್ನ ಅತ್ತಿಗೆ ವರದಮ್ಮ, ಮಕ್ಕಳು ಚೆನ್ನಾಗಿದ್ದಾರೆ. ಅವ್ವನೂ ಗಟ್ಟಿಯಾಗಿದ್ದಾಳೆ, ನನ್ನ ಜೊತೆ ಮಾತು ಮಾತ್ರ ಕಡಿಮೆ. ನಾನು ಚೆನ್ನಾಗಿದ್ದೇನೋ ಇಲ್ಲವೋ ನನಗೇ ಗೊತ್ತಾಗುತ್ತಿಲ್ಲ. ಆಸ್ತಿ ಪಾಲಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಬರೆಯಬಾರದೆಂದೇ ಇದ್ದೆ, ಆದರೆ ಅಕ್ಕಿ ಮಿಲ್ಲಿನ ವಿಷಯದಲ್ಲಿ ನನ್ನ ತಲೆ ಕೆಟ್ಟುಹೋಗಿದೆ.

ಪಂಚರು ಕಟ್ಟಡ, ಎಂಜಿನ್ನು, ಅಕ್ಕಿ ಮಾಡುವ ಯಂತ್ರ ನನಗೆ ಎಂದರು. ಭತ್ತವನ್ನು ಕೆಳಗಿನ ಗುಂಡಿಯಿಂದ ಅಟ್ಟಕ್ಕೆ ಎತ್ತುವ ಬೆಲ್ಟು, ಅದಕ್ಕೆ ಹೊಡೆದ ತಗಡಿನ ಡಬ್ಬಿಗಳು, ಅದು ತಿರುಗುವ ಗಾಲಿಗಳು ನಿನಗೆ ಎಂದರು. ಹೆಸರಿಗೆ ಪಾಲು, ಮಿಲ್ಲು ಹೇಗೂ ಒಟ್ಟಿಗೇ ನಡೆಯುತ್ತದೆ ಎಂದು ಅವರು ತಿಳಿದಿದ್ದರು. ನಾನು ಸಿಟ್ಟಿನಲ್ಲಿ "ನಿನ್ನ ಪಾಲು ನೀನು ತಗೊಂಡು ನಡಿ" ಅಂದೆ. ಮಹಾರಾಯ, ಅಷ್ಟಕ್ಕೆ ನೀನು ನಿಜವಾಗಿಯೂ ಬೆಲ್ಟು ಬಿಚ್ಚಿ, ಹಾಸಿಗೆ ಸುತ್ತಿದ ಹಾಗೆ ಸುತ್ತಿ, ಗಾಡಿಗೆ ಹಾಕಿಕೊಂಡು ಮಾವನ ಮನೆಗೆ ಹೊರಟುಬಿಡುವುದೇ? ಕಳಚಿದ ಡಬ್ಬಿಗಳನ್ನೂ ಗಾಲಿಗಳನ್ನೂ ಭಾರ ಎಂದು ಇಲ್ಲೇ ಬಿಟ್ಟೆ. ಈಗ ನನ್ನ ಎಂಜಿನ್ನು ನಿನ್ನ ಗಾಲಿಯನ್ನು ತಿರುಗಿಸುತ್ತಿದೆ, ನಿನ್ನ ಗಾಲಿಯ ಮೇಲೆ ನಾನು ತಂದ ಹೊಸ ಬೆಲ್ಟು ಕುಳಿತಿದೆ. ಇದರಲ್ಲಿ ಯಾವುದು ಯಾರದು ಎಂದು ಯೋಚಿಸುತ್ತಾ ಹೋದರೆ ಊಟ ಸೇರುವುದಿಲ್ಲ. ನಿನ್ನ ಬೆಲ್ಟಿನ ಮೇಲೆ ಬೆನಕಪ್ಪನವರ ಮನೆಯವರು ಹಪ್ಪಳ ಒಣಗಿಸುತ್ತಾರಂತೆ. ಸಂತೆಯಲ್ಲಿ ಯಾರೋ ಅಂದರು. ನಿಜವೇ?

ಹೊಸ ಬೆಲ್ಟು ನೋಡಲು ಲಕ್ಷಣವಾಗಿಯೇ ಇದೆ, ಆದರೆ ನೆಟ್ಟಗೆ ಓಡುವುದಿಲ್ಲ. ಎಡಕ್ಕೆ ಸರಿದು ಸುತ್ತಲಿನ ಮರದ ಪೆಟ್ಟಿಗೆಗೆ ಉಜ್ಜುತ್ತದೆ. ದಾವಣಗೆರೆಯಿಂದ ಬಂದ ಫಿಟ್ಟರ್ ಹೂವಪ್ಪ ಗಾಲಿಯ ಎಡಗಡೆಯ ತಿರುಪು ಬಿಗಿ ಮಾಡಿದ. ಆಗ ಬಲಕ್ಕೆ ಓಡಿತು. ಬಲಗಡೆ ಬಿಗಿ ಮಾಡಿದ, ಮತ್ತೆ ಎಡಕ್ಕೆ ಬಂತು. ಹೀಗೇ ಎರಡೂ ಕಡೆ ಬಿಗಿಯುತ್ತಾ ಬಿಗಿಯುತ್ತಾ ಅದನ್ನು ತಂತಿಯ ಹಾಗೆ ಮಾಡಿದ. ಕೊನೆಗೆ ಹೊಲಿಗೆ ಬಿಟ್ಟು ಡಬ್ಬಿಗಳೆಲ್ಲ ದಡದಡ ಗುಂಡಿಗೆ ಬಿದ್ದವು. ಅಂಚು ಹರಿದು ನೂಲು ನೂಲಾಗಿ ನೇತಾಡುತ್ತಿದೆ. ವರದಮ್ಮ ದೃಷ್ಟಿ ತೆಗೆದಳು. ಅದಕ್ಕೂ ಬಗ್ಗಲಿಲ್ಲ.

ಅಂಜನಾಪುರದ ನೀರಿನ ಗದ್ದೆಗಳು ಕೊಯ್ಲಾಗಿ ಗಾಡಿಗಳು ಬಾಗಿಲಲ್ಲಿ ನಿಂತಿವೆ. ಉಡುತಡಿಯವರಂತೂ ಒಂದು ದಿನ ಕಾದು ಗಾಡಿ ತಿರುಗಿಸಿಕೊಂಡು ಹೋದರು. ಬೇರೆ ದಾರಿ ಕಾಣದೆ ಹೆಣ್ಣಾಳುಗಳಿಂದ ಬುಟ್ಟಿಯಲ್ಲಿ ಭತ್ತ ಹೊರಿಸಿ ಏಣಿ ಹತ್ತಿಸುತ್ತಿದ್ದೇನೆ. ಮೊನ್ನೆ ಏಣಿಯ ಮೆಟ್ಟಿಲು ಮುರಿದು ದುರ್ಗಮ್ಮ ಬಿದ್ದಳು. ಅಪ್ಪನ ಕಾಲದಿಂದ ಅಕ್ಕಿ ಕೇರುತ್ತಾ ಬಂದ ಹೆಂಗಸು, ಕೈ ಬಾತುಕೊಂಡಿದೆ. ನಾನೇ ಎಣ್ಣೆ ಹಚ್ಚಿಸಿ ಕಟ್ಟು ಹಾಕಿಸಿದೆ. ನೋವಿನಲ್ಲೂ ಅವಳು ಸುಮ್ಮನಿರಲಿಲ್ಲ. "ಪಾಲಾಗಿದ್ದು ನಿಮ್ಗೆ ಯಜಮಾನ್ರೇ, ಬುಟ್ಟಿ ಬಂದಿದ್ದು ನಮ್ ತಲಿಗೆ" ಅಂದಳು. ಅವತ್ತಿನಿಂದ ಮಿಲ್ಲಿನ ಒಳಗೆ ಹೋಗಲು ನಾಚಿಕೆಯಾಗುತ್ತದೆ.

ನೀನು ಏನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ತಿರುಪನ್ನು ಒಂದಿಷ್ಟೇ ತಿರುಗಿಸುತ್ತಿದ್ದೆ, ಆಮೇಲೆ ಎಲೆಅಡಿಕೆ ಹಾಕಿಕೊಂಡು ಬೆಲ್ಟಿನ ಎದುರು ಸುಮ್ಮನೆ ಕುಳಿತುಬಿಡುತ್ತಿದ್ದೆ. ಗಿರಾಕಿಗಳ ಮುಂದೆ ನಾನು "ಕೂತು ತಿನ್ನೋನು" ಅಂದದ್ದು ಅದನ್ನು ನೋಡಿಯೇ. ಪಾಲಿನ ಮಾತು ಎದ್ದದ್ದೂ ಅಲ್ಲಿಂದಲೇ. ಆ ಕೂರುವುದು ಕೆಲಸವೋ ಮೈಗಳ್ಳತನವೋ ನನಗೆ ಈಗಲೂ ತಿಳಿಯದು. ನಿನ್ನೆ ಹೊಸ ಬೆಲ್ಟಿಗೆ ಮತ್ತೆ ಹೊಲಿಗೆ ಹಾಕಿಸಿ ಓಡಿಸಿ, ನಾನೂ ಎಲೆಅಡಿಕೆ ಹಾಕಿಕೊಂಡು ಕುಳಿತು ನೋಡಿದೆ. ಬಾಯಿ ಕೆಂಪಾಯಿತು, ಬೆಲ್ಟು ಎಡಕ್ಕೇ ಹೋಯಿತು. ನೀನು ಬೆಲ್ಟು ಹೊಲಿಯುತ್ತಿದ್ದ ದಬ್ಬಳ ಇಲ್ಲೇ ಉಳಿದಿತ್ತಲ್ಲ, ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆ ಉರಿಯುತ್ತದೆಂದು ಗೋಡೆಯ ಮೊಳೆಯಿಂದ ತೆಗೆದು ಸಾಮಾನಿನ ಪೆಟ್ಟಿಗೆಗೆ ಹಾಕಿದ್ದೇನೆ.

ಅವ್ವ ಒಂದೇ ಮಾತು ಅಂದಳು. "ಹತ್ತೋ ಕಡೆ ದೊಡ್ಡವಂಗೆ, ಇಳಿಯೋ ಕಡೆ ಸಣ್ಣವಂಗೆ ಅಂತ ಆ ಬೆಲ್ಟನ್ನೇ ಸೀಳಿ ಕೊಡಬೇಕಿತ್ತು ಪಂಚರು." ವರದಮ್ಮ ನಕ್ಕಳು, ನನಗೆ ನಗು ಬರಲಿಲ್ಲ. ಯಾರ ಜೊತೆ ಇರುತ್ತೀ ಎಂದು ಅವತ್ತು ಪಂಚರು ಕೇಳಿದಾಗ ಅವ್ವ ಎದ್ದು ಅಡಿಗೆಮನೆಗೆ ಹೋಗಿದ್ದು ನಿನಗೂ ನೆನಪಿರಬೇಕು. ನಾನಂತೂ ಮತ್ತೆ ಕೇಳಿಲ್ಲ. ಕೇಳಲು ಹೆದರಿಕೆ.

ಆದ್ದರಿಂದ ಯಾವ ತಿರುಪು, ಎಷ್ಟು ತಿರುಗಿಸಬೇಕು ಎಂದು ತಡಮಾಡದೆ ಬರೆದು ಟಪಾಲಿಗೆ ಹಾಕು. ಬೇರೇನೂ ಕೇಳುತ್ತಿಲ್ಲ. ಅವ್ವ ಒಳಗೆ ಏನೋ ಸುತ್ತಿ ಕಟ್ಟುತ್ತಿರುವ ಸದ್ದು ಕೇಳುತ್ತಿದೆ, ನಿನಗೆ ಶೇಂಗಾ ಚಟ್ನಿ ಕಳಿಸುತ್ತಾಳೋ ಏನೋ. ಬೆನಕಪ್ಪನವರಿಗೆ ಶರಣು ತಿಳಿಸು. ನೀಲಾಂಬಿಕಳಿಗೂ ನಿನಗೂ ಆ ಶಿವ ಒಳ್ಳೆಯದು ಮಾಡಲಿ.

ಇಂತಿ ನಿನ್ನ ಅಣ್ಣ,
ಪರಮಶಿವಪ್ಪ

ತಾ.ಕ.: ಸೋಮವಾರ ಬೆಳಿಗ್ಗೆ. ಅವ್ವ ಮನೆಯಲ್ಲಿಲ್ಲ. ಮೊದಲ ಬಸ್ಸಿಗೆ ಸೊರಬಕ್ಕೆ ಹತ್ತಿದ್ದನ್ನು ನೋಡಿದವರು ಬಂದು ಹೇಳಿದರು. ಈ ಕಾಗದಕ್ಕಿಂತ ಮೊದಲೇ ನಿನ್ನ ಬಾಗಿಲಿಗೆ ಬಂದಿರುತ್ತಾಳೆ. ಹಾಸಿಗೆ ಸುತ್ತಿಕೊಂಡು ಹೋಗಿದ್ದಾಳೆ, ಅಂದರೆ ನಿನ್ನ ಪಾಲಿಗೆ ಬಂದಳು ಎಂದುಕೊಂಡೆ. ಆದರೆ ಮಿಲ್ಲಿಗೆ ಹೋಗಿ ನೋಡಿದರೆ ದಬ್ಬಳ ಪೆಟ್ಟಿಗೆಯಲ್ಲಿಲ್ಲ. ಹೋಗುವ ಮೊದಲು ಅವ್ವ ಅದನ್ನು ಒರೆಸಿ, ಹೊಸ ದಾರ ಪೋಣಿಸಿ, ನಿನ್ನ ಮೊಳೆಗೆ ನೇತುಹಾಕಿದ್ದಾಳೆ. ನನ್ನನ್ನು ಬಿಟ್ಟು ಹೋದಳೋ, ನಿನ್ನನ್ನು ಕರೆತರಲು ಹೋದಳೋ, ನನಗೆ ಒಂದೂ ತಿಳಿಯುತ್ತಿಲ್ಲ ಶಾಂತವೀರ. ತಿರುಪಿನ ವಿಷಯ ಬರೆಯಬೇಡ. ಬೆಲ್ಟನ್ನು ಬೇಕಾದರೆ ಅಲ್ಲೇ ಇಟ್ಟು ಹಪ್ಪಳ ಒಣಗಿಸಿಕೊಳ್ಳಿ. ಅವ್ವನನ್ನು ಕರೆದುಕೊಂಡು ನೀನು ಬಾ. ಬಂದು, ಎಷ್ಟು ಹೊತ್ತು ಬೇಕಾದರೂ ಕೂತಿರು.