ಕಂಬಿಗೆ ತೂಗಿದ ಮಹಡಿ

ಪಾಂಡವಪುರ, ಮಾರ್ಚ್ 1997

ಮಗಳೇ ಸುಕನ್ಯಾ,

ಇದನ್ನು ಅಂಚೆಗೆ ಹಾಕುವ ಮುಖ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ಗಾರೆ ಕೆಲಸದ ದೇವಯ್ಯ ಬಂದಿದ್ದ. ಕೊನೆಗೂ ಮಹಡಿ ಎಬ್ಬಿಸುತ್ತಿದ್ದೇವೆ. ಮುಂದೆ ಕಟ್ಟೋಣವೆಂದು ತಾರಸಿಯ ಮೇಲೆ ಬಿಟ್ಟಿದ್ದ ಕಬ್ಬಿಣದ ಕಂಬಿಗಳ ನಡುವೆ ನಿಂತು, "ಅಡ್ಗೆಮನೆ ಎಲ್ಲಿ ಬರ್ಬೇಕು ಯೋಳಿ ಗೌಡ್ರೇ" ಎಂದ.

ಹಿಂದೆ ನೀನು ಆ ಕಂಬಿಗಳಿಗೆ ಸೌಟು, ಜರಡಿ ತೂಗುಹಾಕಿದ್ದ ಮೂಲೆಯನ್ನು ನಾನು ತೋರಿಸಿದೆ. ಚೊಂಬು ಬೋರಲು ಹಾಕಿದ್ದ ಕಂಬಿಯ ಹತ್ತಿರ ಬಚ್ಚಲು ಎಂದೆ. ನಾಲ್ಕು ವರ್ಷವಾದರೂ ಒಂದೂ ತಪ್ಪಲಿಲ್ಲ.

"ಅಪ್ಪಾ, ಮಹಡಿ ಕಟ್ಟಿವ್ನಿ, ಬಂದು ನೋಡು" ಎಂದು ಅವತ್ತು ಅವನ್ನೆಲ್ಲ ತೂಗುಹಾಕಿ ನೀನು ತಾರಸಿಯಿಂದ ಕೂಗಿದ್ದೆ. ನಿನ್ನನ್ನು ನೋಡಲು ಕಿಕ್ಕೇರಿಯಿಂದ ಬಂದ ಗಂಡಿನ ಕಡೆಯವರು ಆಗಲೇ ಬೀದಿಯ ತಿರುವಿನಲ್ಲಿದ್ದರು. ನಾನು ಮೇಲೆ ಬಂದು ಎಲ್ಲವನ್ನೂ ಕಿತ್ತು ಗೋಣಿಚೀಲಕ್ಕೆ ತುಂಬಿದೆ. "ನಿನ್ನ ಓದ್ಸಿದ್ದು ಇದ್ಕಾ?" ಎಂದೆ. ಆ ವಾರವೇ ನೀನು ಚಿತ್ರಕಲೆ ಕಲಿಯಲು ಬರೋಡದ ರೈಲು ಹತ್ತಿದೆ.

ಅಲ್ಲಿ ಯಾವುದೋ ದೊಡ್ಡ ಕಟ್ಟಡಕ್ಕೆ ನೀನು ಮೊರ, ಬಕೆಟ್ಟು ತೂಗುಹಾಕಿದ್ದನ್ನು ನೋಡಲು ಜನ ಬಂದರಂತೆ. ಪೇಪರಿನಲ್ಲಿ ಬಂದ ಚಿತ್ರವನ್ನು ನಿನ್ನವ್ವ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಅವಳಿಲ್ಲದಾಗ ತೆಗೆದು ನೋಡುತ್ತೇನೆ.

ದೇವಯ್ಯ ಸುಣ್ಣದಲ್ಲಿ ಗೆರೆ ಎಳೆದು ಮುಗಿಸಿ ಕೇಳಿದ, "ಮಗೀನ ರೂಮು ಎಲ್ಲಿ ಬುಡ್ಲಿ?"

ನಿನ್ನ ಕೋಣೆ ಎಲ್ಲೆಂದು ನನಗೆ ಗೊತ್ತಿರಲಿಲ್ಲ. ಅವತ್ತು ನಾನು ಚೀಲ ಹಿಡಿದು ಮೇಲೆ ಬಂದಾಗ, ನಿನ್ನ ಬಣ್ಣದ ಡಬ್ಬಿ ಇನ್ನೂ ನಿನ್ನ ಕೈಯಲ್ಲೇ ಇತ್ತು. ನೀನು ಅದನ್ನು ಯಾವ ಕಂಬಿಗೆ ತೂಗುಹಾಕಬೇಕೆಂದಿದ್ದೆ ಎಂದು ನಾನು ಕೇಳಲಿಲ್ಲ.

ನಿನ್ನ ಅಪ್ಪ