ಹರಳೆಣ್ಣೆ ಹಚ್ಚಿದ ಗುಂಡು

೧೭ ಜನವರಿ ೧೯೮೪, ಮಂಗಳವಾರ

ಯಾರು ನೀನು, ಕೈ ತೊಳ್ಕೊಂಡಾದ್ರೂ ಮುಟ್ಟಿದ್ಯಾ. ಅಕ್ಕಿ ಡಬ್ಬದ ಹಿಂದೆ ಮುದುಕಿ ಬಚ್ಚಿಟ್ಟ ಡೈರಿ ಬಿಚ್ಚೋರಿಗೆ ಮಾನ ಅಂತೂ ಇರಲ್ಲ, ಕೈಯಾದ್ರೂ ಚೊಕ್ಕಟವಾಗಿರ್ಲಿ. ಮೂರನೇ ಕ್ಲಾಸಿನ ಅಕ್ಷರ. ಕಾಗೆ ಕಾಲು ಗುಬ್ಬಿ ಕಾಲು. ನಗೋದಾದ್ರೆ ಆಚೆ ಹೋಗಿ ನಗು. ಪುಸ್ತಕ ಇದ್ದಲ್ಲೇ ಇಡು.

ಬೆಳಿಗ್ಗೆ ಮಡಿವಾಳದ ಮಂಡಿ. ರಾಗಿ ಏಳು ಮೂಟೆ, ಈರುಳ್ಳಿ ನಾಲ್ಕು. ಐವತ್ತೆರಡು ವರ್ಷದ ಬೆನ್ನಿಗೆ ಸಾಕು. ಅಲ್ಲಿಂದ ನಮ್ಮೂರು ಬಿಳೇಕಹಳ್ಳಿಗೆ ಹೋದೆ, ಗರಡಿ ಯಲ್ಲಯ್ಯನಿಗೆ ಎಳ್ಳುಬೆಲ್ಲ ಕೊಡೋಕೆ. ಕಣ್ಣು ಪೂರಾ ಮಂಜಾಗಿದೆ ಮುದುಕನಿಗೆ. ಎಳ್ಳು ಬಾಯಿಗೆ ಹಾಕ್ಕೊಂಡ. ಆಮೇಲೆ ಹೇಳಿದ —

"ಯಲ್ಲಮ್ಮ, ಸಾಯೋಕೆ ಮುಂಚೆ ಹೇಳ್ಬಿಡ್ತೀನಿ. ನಿನ್ ಗಂಡನ ಕೈ ಸೋತಿರ್ಲಿಲ್ಲ ಕಣವ್ವ. ದಾಸಪ್ಪ ಗುಂಡುಕಲ್ಲಿನ ಅಡಿಗೆ ಹರಳೆಣ್ಣೆ ಸವರಿದ್ದ. ಕಂಡೋನು ನಾನೊಬ್ಬನೇ. ಗರಡಿ ಜಾಗ ಅವನದ್ದು, ಬಾಯಿ ಮುಚ್ಕೊಂಡೆ."

ಇಪ್ಪತ್ಮೂರು ವರ್ಷ.

ನಮ್ಮೂರಲ್ಲಿ ಯುಗಾದಿ ದಿನ ಮನುಷ್ಯರ ಜೊತೆ ಅರಳಿಕಟ್ಟೆಯ ಗುಂಡುಕಲ್ಲಿಗೂ ಎಣ್ಣೆಸ್ನಾನ. ಮಾರನೇ ದಿನ ವರ್ಷತೊಡಕು. ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಒಣಗಿಸಿ, ಗಂಡಸರು ಎತ್ತೋದು. ಹೆಗಲಿಗೆ ಏರಿಸಿದೋನಿಗೆ ಮೊದಲ ವೀಳ್ಯ. ತೊಳೆಯೋ ಹಕ್ಕು ದಾಸಪ್ಪನ ಮನೆಯೋರ್ದು. ಅರವತ್ತೊಂದರಲ್ಲಿ ಮೊದಲು ಅವನೇ ಎತ್ತಿದ, ಇಳಿಸೋವಾಗ ಸವರಿರ್ಬೇಕು. ಆಮೇಲೆ ಇವರ ಸರದಿ. ಎದೆಮಟ್ಟ ಬಂತು, ಜಾರ್ತು. ಪಾದ ಜಜ್ಜಿಹೋಯ್ತು. ಆವತ್ತಿಂದ ಇವರು ಮೂಟೆ ಹೊರಲಿಲ್ಲ. ಇವರ ಸಿಂಬೆ ನಾನು ತಲೆ ಮೇಲಿಟ್ಕೊಂಡೆ. ಹನ್ನೊಂದು ವರ್ಷ ಬಾಗಿಲ ಹತ್ರ ಕೂತು ಎರಡು ಕೈ ತಿರುಗಿಸಿ ತಿರುಗಿಸಿ ನೋಡ್ಕೊಂಡ್ರು. "ಕೈಯಲ್ಲಿ ಬಲ ಇರ್ಲಿಲ್ಲ ಕಣೆ." ಸಾಯೋ ದಿನಾನೂ ಅದೇ ಮಾತು.

ಆ ದಾಸಪ್ಪ ನನ್ ಸೊಸೆ ವಿಮಲಾಗೆ ಸೋದರಮಾವ. ಹಬ್ಬಹಬ್ಬಕ್ಕೂ ಈ ಮನೇಲಿ ಉಂಡಿದ್ದಾನೆ. ಎರಡನೇ ಸಲ ಸಾರು ಬಡಿಸಿದೋಳು ನಾನೇ. ಈ ಕೈ.

ಕೇಳಿದೆ ಯಲ್ಲಯ್ಯನ್ನ — ಹೆಂಗಸು ಎತ್ತಬಾರ್ದು ಅಂತ ಏನಾದ್ರೂ ಉಂಟಾ.

"ಯಾರೂ ಕೇಳಿಲ್ವಲ್ಲ, ಯಾರೂ ಬೇಡ ಅಂದಿಲ್ಲ."

ಸರಿ. ಈ ವರ್ಷತೊಡಕಿಗೆ ನಾನು.

೧೯ ಜನವರಿ, ಗುರುವಾರ

ಯಲ್ಲಯ್ಯನ ಪಾಠ ಶುರು. ಹೆಂಗಸು ಗರಡಿ ಒಳಗೆ ಬರೋಹಾಗಿಲ್ಲ, ಅವನು ಹೊಸಿಲಲ್ಲಿ ಕೂತು ಹೇಳ್ದ, ನಾನು ಆಚೆ ನಿಂತು ಕೇಳ್ದೆ. ದಿನಾ ನೂರು ಬಸ್ಕಿ. ಐವತ್ತು ದಂಡ. ಒಂದು ದಿನಾನೂ ಬಿಡಬಾರ್ದು. ಹಿತ್ತಲಲ್ಲಿ ಸೀರೆ ಕಚ್ಚೆ ಹಾಕಿ ಮಾಡಿದೆ. ಪಕ್ಕದ್ಮನೆ ಆಕೆ ಕಾಂಪೌಂಡ್ ಮೇಲಿಂದ ಇಣುಕಿ "ಏನ್ ಆಂಟಿ, ಏನಾದ್ರೂ ಬಿದ್ಹೋಯ್ತಾ" ಅಂದ್ಲು. ಹೂಂ, ನಿನ್ ಮೂಗು ಬಿದ್ದಿದೆ ಇಲ್ಲಿ, ಎತ್ಕೊಂಡು ಹೋಗು ಅಂದೆ.

೨೮ ಜನವರಿ, ಶನಿವಾರ

ಬಲಗಡೆ ಮೊಣಕಾಲು ಕುಂಬಳಕಾಯಿ. ಮಂಡಿಗೆ ಹೋಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಹಿಂಗೆ ಒಂದಿನಾನೂ ಕೂತಿರ್ಲಿಲ್ಲ.

ಯಲ್ಲಯ್ಯನ ಬಸ್ಕಿ ಇಪ್ಪತ್ತರ ಹುಡುಗರಿಗೆ. ಅವನು ಮೊಮ್ಮಗು ಎತ್ತಿದ ಹೆಂಗಸಿಗೆ ಯಾವಾಗ ಕಲಿಸಿದ್ದ. ಸಿಟ್ಟಲ್ಲಿ ಲೆಕ್ಕ ತಪ್ಪಿ ನೂರರ ಜಾಗದಲ್ಲಿ ನೂರೈವತ್ತು ಹೊಡೆದಿದ್ದೂ ಉಂಟು… ದಾಸಪ್ಪನ ಮುಖ ಕಣ್ಮುಂದೆ ಬಂದ್ರೆ ಎಣಿಕೆ ಎಲ್ಲಿ ನಿಲ್ಲತ್ತೆ.

೩೦ ಜನವರಿ, ಸೋಮವಾರ

ಮಗ ದೇವದಾಸ ಫ್ಯಾಕ್ಟರಿಯಿಂದ ಬರೋವಾಗ ಸೀನು ಅನ್ನೋನ್ನ ಕರ್ಕೊಂಡು ಬಂದ. ಜಯನಗರ ನಾಲ್ಕನೇ ಬ್ಲಾಕಲ್ಲಿ ಜಿಮ್ ನಡೆಸ್ತಾನಂತೆ. ತೋಳು ನೋಡಿದ್ರೆ ಹಲಸಿನಕಾಯಿ, ಮಾತು ಮಾತ್ರ ಮೆತ್ತಗೆ. ಮೊಣಕಾಲು ಒತ್ತಿ ನೋಡಿದ.

"ಅಮ್ಮ, ಇಪ್ಪತ್ತೆರಡು ವರ್ಷ ಎತ್ತಿರೋ ಮೈ ನಿಮ್ದು. ಹೊಸದಾಗಿ ಬಲ ಬೇಕಾಗಿಲ್ಲ, ರೆಸ್ಟ್ ಬೇಕು. ವಾರಕ್ಕೆ ಮೂರೇ ದಿನ. ಐದೈದು ಸಲ ಎತ್ತೋದು, ಐದು ಸೆಟ್. ಎತ್ತೋಕೆ ಆದ್ರೆ ಒಂದೊಂದು ಕೆಜಿ ಜಾಸ್ತಿ, ಆಗದಿದ್ರೆ ಅಲ್ಲೇ ನಿಲ್ಲಿ."

"ಮಿಕ್ಕ ನಾಲ್ಕು ದಿನ?"

"ಮಲ್ಕೊಳಿ."

"ನಮ್ಮತ್ತೆ ಬದುಕಿದ್ರೆ ನಿನ್ ಮಾತು ಕೇಳಿಸ್ಬೇಕಿತ್ತು ಕಣಪ್ಪ."

ಚಾರ್ಟ್ ಬರ್ಕೊಟ್ಟ. ಹೋಗೋವಾಗ ನನ್ನೊಬ್ಬಳನ್ನೇ ಕರೆದು ಮೆತ್ತಗೆ ಹೇಳ್ದ — ದಿನಾ ಎರಡು ಮೊಟ್ಟೆ ತಿನ್ನಿ ಅಂತ. ಯಾರಿಗೂ ಹೇಳಲಿಲ್ಲ. ಅತ್ತೆ ಬಾಯ್ಬಿಟ್ಟು ಮೊಟ್ಟೆ ಕೇಳೋದಾ.

೩೧ ಜನವರಿ, ಮಂಗಳವಾರ

ಬೆಳಿಗ್ಗೆ ತಟ್ಟೇಲಿ ಎರಡು ಬೇಯಿಸಿದ ಮೊಟ್ಟೆ.

ಹೇಳಿದ್ದು ಯಾರಿಗೂ ಇಲ್ಲ. ಬರೆದಿದ್ದು ಇಲ್ಲಿ.

ಓಹೋ. ನೀನಾ ವಿಮಲಾ.

ಮೇಲಿನ ಹಾಳೇಲಿ ನಿಮ್ಮ ಸೋದರಮಾವನ ವಿಷಯ ಏನು ಬರೆದಿದ್ದೀನಿ ಅಂತ ನೀನೂ ಓದಿದ್ದೀಯ ಹಂಗಾದ್ರೆ. ಓದಿ ಮೊಟ್ಟೆ ಬೇಯಿಸಿದ್ದೀಯ. ನಿನ್ ಮನಸ್ಸು ಯಾವ ಕಡೆ ಅಂತ ತಿಳೀತಿಲ್ಲ. ಉಪ್ಪು ಕಮ್ಮಿ ಆಗಿತ್ತು.

೨೦ ಫೆಬ್ರವರಿ, ಸೋಮವಾರ

ಮೊಣಕಾಲು ಇಳಿದಿದೆ. ಸೀನು ಜಿಮ್ಮಿಗೆ ಹೋಗಿ ಬಂದೆ, ಬೆಳಿಗ್ಗೆ ಹುಡುಗರು ಬರೋಕೆ ಮುಂಚೆ. ಕಬ್ಬಿಣದ ಸಲಾಕೆ, ಎರಡು ಕಡೆ ಚಕ್ರ. ಐವತ್ತೈದು ಕೆಜಿ ಸೊಂಟಕ್ಕೆ ಬಂತು, ಐದು ಸಲ. ಸೀನು ಕಣ್ಣು ಬಿಟ್ಟ.

ಖುಷಿ ಆಗ್ಬೇಕಿತ್ತು. ಆಗಲಿಲ್ಲ. ಬಸ್ಸಲ್ಲಿ ಕೂತು ಯೋಚ್ನೆ ಮಾಡ್ದೆ. ಆ ಸಲಾಕೆ ಹಿಡಿಯೋಕಂತಲೇ ಮಾಡಿರೋದು. ನಮ್ಮೂರ ಗುಂಡಿಗೆ ಹಿಡಿ ಎಲ್ಲಿದೆ. ಯಲ್ಲಯ್ಯನ ಪಾಠ ಕಾಲಿಗೆ, ಸೀನು ಪಾಠ ಬೆನ್ನಿಗೆ. ಎಣ್ಣೆಗೆ ಯಾರ ಹತ್ರಾನೂ ಪಾಠ ಇಲ್ಲ. ದಾಸಪ್ಪ ಮತ್ತೆ ಸವರ್ತಾನೆ. ಒಂದ್ಸಲ ದಕ್ಕಿಸಿಕೊಂಡೋನು ಬಿಡ್ತಾನಾ.

೨೩ ಫೆಬ್ರವರಿ, ಗುರುವಾರ

ಬಿಟಿಎಂ ಲೇಔಟಿಗೆ ಮಣ್ಣು ಅಗೀತಿರೋ ಕಡೆಯಿಂದ ಉರುಟು ಕಲ್ಲು ಒಂದು ತಳ್ಳುಗಾಡೀಲಿ ತಂದೆ. ಮಂಡಿ ತಕ್ಕಡೀಲಿ ಅರವತ್ತೈದು. ಊರಿನ ಗುಂಡು ಅರವತ್ತೆಂಟು.

"ಇದ್ಯಾಕಮ್ಮ" ಅಂದ ದೇವದಾಸ.

"ಉಪ್ಪಿನಕಾಯಿ ಜಾಡಿ ಮೇಲೆ ಹೇರೋಕೆ."

ಒಣಕಲ್ಲು ಮೂರು ಸಲ ಹೆಗಲಿಗೆ ಹೋಯ್ತು. ಹರಳೆಣ್ಣೆ ಹಚ್ಚಿ ಎತ್ತಿದೆ. ಸೊಂಟದ ಹತ್ರ ಜಾರ್ತು. ಕಾಲು ಹಿಂದಕ್ಕೆ ಎಳ್ಕೊಂಡೆ, ಒಂದು ಗೇಣಲ್ಲಿ ತಪ್ತು. ಕಲ್ಲು ಮಣ್ಣಲ್ಲಿ ಹೂತ್ಕೊಂಡಿದ್ದು ನೋಡ್ತಾ ನಿಂತಿದ್ದೆ. ಇವರ ಪಾದಕ್ಕೆ ಬಿದ್ದಾಗ ಹಿಂಗೇ ಸದ್ದು ಬಂದಿರಬೇಕು.

೨ ಮಾರ್ಚ್, ಶುಕ್ರವಾರ

ಮತ್ತೆ ಜಾರ್ತು. ಎಂಟನೇ ಸಲ.

೪ ಮಾರ್ಚ್, ಭಾನುವಾರ

ಮೊಮ್ಮಗಳಿಗೆ ಎಣ್ಣೆನೀರು. ಎಂಟು ತಿಂಗಳ ಕೂಸು. ಕಾಲ ಮೇಲೆ ಮಲಗಿಸ್ಕೊಂಡು ಹರಳೆಣ್ಣೆ ತಿಕ್ಕಿದೆ, ನೀರು ಹಾಕೋಕೆ ಎತ್ತಿದೆ. ಒದ್ದಾಡ್ತಿದೆ, ಮೀನಿನ ಹಂಗೆ ಜಾರ್ತಿದೆ. ಆದ್ರೂ ಕೈ ಬಿಟ್ಟು ಹೋಗ್ಲಿಲ್ಲ…

ಹಂಗೇ ಕೂತ್ಬಿಟ್ಟೆ. "ಅತ್ತೆ, ನೀರು ಆರೋಗತ್ತೆ" ಅಂತಾಳೆ ವಿಮಲಾ.

ಎಣ್ಣೆ ಮಗೂನ ಯಾರಾದ್ರೂ ಬೆರಳಲ್ಲಿ ಹಿಡೀತಾರಾ. ಹಿಡಿದಷ್ಟೂ ಜಾರತ್ತೆ. ತೋಳು ಅಡಿಗೆ ಕೊಟ್ಟು, ಹೊಟ್ಟೆಗೆ ಒತ್ಕೊಂಡು, ಎದೆ ಮೇಲೆ ಹೊರಳಿಸಿ ಹೆಗಲಿಗೆ. ಎಷ್ಟು ಬಾಣಂತಿ ಮನೇಲಿ ಎಷ್ಟು ಮಕ್ಕಳನ್ನ ಎತ್ತಿದ್ದೀನಿ. ಗಂಡಸರು ಒಬ್ರಾದ್ರೂ ಎಣ್ಣೆ ಮಗು ಎತ್ತಿದ್ರೆ ತಾನೇ ಗೊತ್ತಾಗೋದು.

ಮಧ್ಯಾಹ್ನ ಕಲ್ಲಿಗೆ ಎಣ್ಣೆ. ಕೂತು ತೊಡೆಗೆ ತಗೊಂಡೆ, ಅಪ್ಕೊಂಡೆ, ಎದ್ದೆ. ಹೊಟ್ಟೆ, ಎದೆ, ಹೆಗಲು. ಒಂದು ಸಲ. ರವಿಕೆ ಪೂರಾ ಹಾಳು.

ನಿರ್ಧಾರ ಆಯ್ತು. ಸೀನು ಹೇಳ್ದಂಗೆ ಸೋಮವಾರ, ಬುಧವಾರ, ಶುಕ್ರವಾರ. ಕಲ್ಲು ನಂದು. ಎಣ್ಣೆ ದಾಸಪ್ಪಂದು. ಮಿಕ್ಕ ದಿನ ಮೂಟೆ ಸೈತ ಬೇಡ. ಮಂಡೀಲಿ ತಿಂಗಳು ರಜ ಹೇಳ್ಬಂದೆ. ಬಸ್ಕಿ ಬಿಟ್ಟೆ ಅಂತ ಯಲ್ಲಯ್ಯನಿಗೆ ಬೇಜಾರು. ಆಗ್ಲಿ. ಇಪ್ಪತ್ಮೂರು ವರ್ಷ ಬಾಯಿ ಮುಚ್ಕೊಂಡಿದ್ದೋನು, ಇನ್ನೊಂದು ತಿಂಗಳು ಮುಚ್ಕೊಂಡಿರ್ಲಿ.

೩೦ ಮಾರ್ಚ್, ಶುಕ್ರವಾರ

ಎಣ್ಣೆಕಲ್ಲು ಐದು ಸಲ. ಒಂದೂ ಜಾರ್ಲಿಲ್ಲ. ಕೊಟ್ಟಿಗೆ ಮೂಲೇಲಿ ಹರಳೆಣ್ಣೆ ಸೀಸೆ ಖಾಲಿ ಆಗಿತ್ತು, ಯಾರೋ ತುಂಬಿಸಿಟ್ಟಿದ್ದಾರೆ. ಮೊಟ್ಟೆಗೆ ಉಪ್ಪು ಕಮ್ಮಿ ಹಾಕೋ ಕೈಯೇ ಇರ್ಬೇಕು.

೩ ಏಪ್ರಿಲ್, ಮಂಗಳವಾರ, ಸಾಯಂಕಾಲ

ವರ್ಷತೊಡಕು. ಕೈಯಲ್ಲಿ ಇನ್ನೂ ಎಣ್ಣೆ, ಅಕ್ಷರ ಸೊಟ್ಟ.

ಅರಳಿಕಟ್ಟೇಲಿ ಊರು ಪೂರಾ. ದಾಸಪ್ಪ ಸೀಗೆಪುಡಿ ಹಾಕಿ ಗುಂಡು ತೊಳೀತಿದ್ದ. ಒಂದ್ಸಲ ತೊಳೆದ. ನನ್ನ ನೋಡಿ ಇನ್ನೊಂದ್ಸಲ ತೊಳೆದ. ಪಂಚೆ ಸೆರಗಲ್ಲಿ ಒರೆಸಿ, ಕೈ ಸವರಿ ಎಲ್ಲರಿಗೂ ತೋರಿಸ್ದ. ಅರವತ್ತು ವರ್ಷದೋನು, ಬೆವರು ಕಿತ್ಕೊಂಡು ಬರ್ತಿತ್ತು. ಇಷ್ಟು ವರ್ಷದಲ್ಲಿ ಯಾವತ್ತೂ ಎರಡು ಸಲ ತೊಳೆದಿಲ್ಲ ಅವನು. ವಿಮಲಾ, ನಂಗೆ ಗೊತ್ತು ಅಂತ ಅವನಿಗೆ ನೀನೇ ಹೇಳಿದ್ದು. ಆಯ್ತು.

ಹುಡುಗರು ನಾಲ್ಕು ಜನ ಎತ್ತಿದ್ರು. ಆಮೇಲೆ ನಾನು ಎದ್ದು ಹೋದೆ. ನಗು. ಯಾರೋ ಸಿಳ್ಳೆ.

"ಯಲ್ಲಮ್ಮಕ್ಕ, ಈ ವಯಸ್ಸಲ್ಲಿ ಯಾಕೆ" ಅಂದ ದಾಸಪ್ಪ. "ಕೂತು ಬಾಡೂಟ ಉಣ್ಣಿ."

"ಉಣ್ಣೋಣ. ಒಣಗುಂಡು ಮಕ್ಕಳಿಗಾಯ್ತು ದಾಸಪ್ಪ, ನಂಗೆ ಬೇಡ."

ಸೆರಗಿಂದ ಸೀಸೆ ತೆಗೆದೆ. ಹರಳೆಣ್ಣೆ, ಪೂರ್ತಿ ಸೀಸೆ, ಗುಂಡಿನ ಮೇಲೆ ಸುರಿದೆ. ಅಡಿಗೂ ಸವರಿದೆ, ಅವನು ಸವರಿದ ಜಾಗಕ್ಕೇ. ಯಾರೂ ನಗಲಿಲ್ಲ. ಯಲ್ಲಯ್ಯ ಕಣ್ಣು ಕಾಣದಿದ್ರೂ ವಾಸನೆ ಹಿಡಿದು ಎದ್ದು ನಿಂತ್ಕೊಂಡ.

ಗಂಡನ ಹೆಸರು ಬಾಯಲ್ಲಿ ಹೇಳಿದೋಳಲ್ಲ ನಾನು. ಮೂವತ್ತೆಂಟು ವರ್ಷ ಇವರು ಅಂದಿದ್ದೆ, ಅಷ್ಟೇ. ಇವತ್ತು ಹೇಳ್ದೆ.

"ಇದು ಗಂಗಯ್ಯನ ಪಾಲಿಂದು."

ತೊಡೆ. ಹೊಟ್ಟೆ. ಎದೇಲಿ ಒಂಚೂರು ಜಾರ್ತು, ಗದ್ದ ಕೊಟ್ಟು ತಡೆದೆ. ಹೆಗಲು.

ಇಳಿಸಿ ಹೇಳ್ದೆ — ಬಾ ದಾಸಪ್ಪ, ನಿನ್ ಸರದಿ. ಎಣ್ಣೆ ಹಂಗೇ ಇದೆ.

ಸೊಂಟ ನೋವು ಅಂದ. ಪಂಚೆ ಕೊಡವಿ ಮನೆಗೆ ಹೋದ. ಕಟ್ಟೆ ಮೇಲಿದ್ದೋರೆಲ್ಲ ಅವನ ಬೆನ್ನು ನೋಡಿದ್ರು, ಆಮೇಲೆ ಗುಂಡು ನೋಡಿದ್ರು. ಮೊದಲ ವೀಳ್ಯ ನಂಗೆ ಕೊಟ್ರು. ತಿನ್ನಲಿಲ್ಲ. ಇವರ ಫೋಟೋ ಮುಂದೆ ಇಟ್ಟಿದ್ದೀನಿ.

೯ ಏಪ್ರಿಲ್, ಸೋಮವಾರ

ಆರು ದಿನ ಆಯ್ತು. ವೀಳ್ಯದೆಲೆ ಒಣಗಿದೆ. ಹೊಟ್ಟೆ ತಣ್ಣಗಾಗತ್ತೆ ಅಂದ್ಕೊಂಡಿದ್ದೆ, ಆಗಿಲ್ಲ. ಊರು ಊಹಿಸಿದ್ರೆ ಸಾಲ್ದು. ನಾನು ಹೇಳಿದ್ರೆ ಮುದುಕಿ ಬಾಯಿ ಅಂತಾರೆ.

ವಿಮಲಾ, ಓದ್ತಿದ್ದೀಯ ಅಂತ ಗೊತ್ತು, ಕೂತ್ಕೊಂಡೇ ಓದು. ಮಾವನಿಗೆ ಹೋಗಿ ಹೇಳಿದ್ದಕ್ಕೆ ನಿನ್ ಮೇಲೆ ಸಿಟ್ಟಿಲ್ಲ. ಸೀಸೆ ತುಂಬಿಸಿದ್ದೂ ನೀನೇ. ಎರಡು ಮನೆ ಉಪ್ಪು ಉಂಡೋಳು, ಎರಡೂ ಕಡೆ ನೋಡ್ದೆ. ಈಗ ಒಂದೇ ಕೆಲಸ ಮಾಡು. ಈ ಪುಸ್ತಕ ತಗೊಂಡು ನಿಮ್ಮಾವನ ಹತ್ರ ಹೋಗು. ಕೆಳಗೆ ಅರ್ಧ ಹಾಳೆ ಬಿಟ್ಟಿದ್ದೀನಿ. ಜಾಸ್ತಿ ಬರೀಬೇಕಾಗಿಲ್ಲ. "ಗಂಗಯ್ಯನ ಕೈ ಸೋತಿರಲಿಲ್ಲ" — ಅಷ್ಟೇ. ಅವನಿಗೆ ಬರೆಯೋಕೆ ಬರಲ್ಲ, ನೀನು ಬರಿ, ಅವನು ಹೆಬ್ಬೆಟ್ಟು ಒತ್ಲಿ. ಬೆರಳಲ್ಲಿ ಎಣ್ಣೆ ಇದ್ಯಾ ನೋಡ್ಕೊ.

ಯುಗಾದಿ ತಪ್ಪಿದ್ರೂ ಮುಂದಿನ ಹಬ್ಬಕ್ಕೆ ಇಲ್ಲೇ ಊಟಕ್ಕೆ ಬರೋನು ತಾನೇ ಅವನು. ಎಲೆ ಹಾಕೋಳು ನಾನು. ಮೇ ತಿಂಗಳು ಹುಟ್ಟೋದ್ರೊಳಗೆ ಈ ಹಾಳೇಲಿ ಉತ್ತರ ಬಂದಿರಬೇಕು. ಬರದಿದ್ರೆ ಆ ಗುಂಡು ಅವನ ಬಾಗಿಲಿಗೇ ಹೊತ್ಕೊಂಡು ಹೋಗಿ ಇಳಿಸ್ತೀನಿ, ಎಣ್ಣೆ ಸಮೇತ.